ಗರ್ಭಿಣಿ, ಬಾಣಂತಿ, ಎಚ್‌ಐವಿ, ಖಿನ್ನತೆ: ಯಾವ ಚಿಕಿತ್ಸೆ ಯಾರಿಗೆ ಹೊಂದುತ್ತದೆ?

"ಎಚ್‌ಐವಿ ಮಾತ್ರೆ ದಿನಾ ನುಂಗ್ತಾ ಇದ್ದೀನಿ. ಅದರ ಮೇಲೆ ಡಿಪ್ರೆಶನ್ ಮಾತ್ರೆನೂ ತಗೊಂಡರೆ ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆದರೆ?" ಖಿನ್ನತೆಗೆ ಚಿಕಿತ್ಸೆ ಬೇಕು ಎಂದ ಕೂಡಲೇ ಬರುವ ಮೊದಲ ಪ್ರಶ್ನೆ ಇದು. ಜೊತೆಗೆ ಬಂದ ಅಮ್ಮನೋ ಗಂಡನೋ ಕೇಳುವುದೂ ಇದನ್ನೇ. ಕೇಳಲೇಬೇಕಾದ ಪ್ರಶ್ನೆ. ಆದರೆ ಇದರ ಜೊತೆಗೆ ಇನ್ನೊಂದನ್ನೂ ಕೇಳಬೇಕು. ಖಿನ್ನತೆಯನ್ನು ಹಾಗೇ ಬಿಟ್ಟರೆ ಆ ಮಗುವಿಗೆ ಏನಾಗಬಹುದು?

ಎಚ್‌ಐವಿ ಇರುವ ಗರ್ಭಿಣಿಯರು, ಬಾಣಂತಿಯರು ಮತ್ತು ಅವರ ಜೊತೆಗೆ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ರಾಜ್ಯದ ಎಆರ್‌ಟಿ (ಎಚ್‌ಐವಿಯನ್ನು ಹಿಡಿತದಲ್ಲಿಡುವ ಮಾತ್ರೆಗಳ ಚಿಕಿತ್ಸೆ) ಸೆಂಟರ್‌ಗಳಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಸಿಗುವ ದಾರಿಗಳನ್ನು ಮುಂದಿಟ್ಟುಕೊಂಡೇ ಹೋಲಿಸಿದ್ದೇನೆ. ಯಾವ ಮಾತ್ರೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಏನೇನು ದಾರಿ ಇದೆ ಎಂದು ಮೊದಲೇ ಗೊತ್ತಿದ್ದರೆ ಅವರ ಮುಂದೆ ಕೂತು ಮಾತಾಡುವುದು ಸಲೀಸು, ಅಲ್ವಾ?

ಸುಮ್ನೆ ಬಿಡುವುದೂ ಒಂದು ಆಯ್ಕೆಯೇ

ಎಷ್ಟೋ ಜನ ಆಯ್ಕೆ ಮಾಡುವುದೇ ಇಲ್ಲ. "ಹೆರಿಗೆ ಆಗಲಿ, ಎಲ್ಲ ಸರಿಹೋಗುತ್ತದೆ" ಎಂದು ಕಾಯುತ್ತಾರೆ. ಇದರಿಂದ ಅಪಾಯವೇನೂ ಇಲ್ಲ ಎಂದು ಅನಿಸುತ್ತದೆ. ನನ್ನ ಪ್ರಕಾರ ಜಾಸ್ತಿ ಅಪಾಯ ಇರುವುದೇ ಇಲ್ಲಿ.

ತಾಯಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ದಾಟುವ ಸಾಧ್ಯತೆ ಶೇ. 15ರಿಂದ 45. ಎಆರ್‌ಟಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ ಅದು ಶೇ. 5ಕ್ಕಿಂತ ಕೆಳಗೆ ಇಳಿಯುತ್ತದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಚೆನ್ನಾಗಿ ಹಿಡಿತದಲ್ಲಿದ್ದರೆ ಇನ್ನೂ ಕಡಿಮೆ. ಅಂದರೆ ಮಗುವಿನ ರಕ್ಷಣೆ ನಿಂತಿರುವುದು ತಾಯಿ ದಿನಾ ತಪ್ಪದೆ ಮಾತ್ರೆ ನುಂಗುವುದರ ಮೇಲೆ. ಖಿನ್ನತೆ ಮೊದಲು ಕೆಡಿಸುವುದು ಅದನ್ನೇ. ಏಳಲು ಮನಸ್ಸಿಲ್ಲ, ಊಟ ಬೇಡ, ಸೆಂಟರ್‌ಗೆ ಹೋಗಿ ಬರುವ ಶಕ್ತಿ ಇಲ್ಲ, "ತಗೊಂಡು ಏನಾಗಬೇಕು" ಎಂಬ ಭಾವ. ಹೀಗೆ ಇವತ್ತೊಂದು, ನಾಳೆಯೊಂದು ಮಾತ್ರೆ ತಪ್ಪುತ್ತದೆ.

ಹೆರಿಗೆ ಆದಮೇಲೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಆಧಾರವೂ ಇಲ್ಲ. ಎಚ್‌ಐವಿ ಇರುವ ಗರ್ಭಿಣಿ, ಬಾಣಂತಿಯರು ಎಆರ್‌ಟಿ ಮಾತ್ರೆ ತೆಗೆದುಕೊಳ್ಳುವ ಬಗ್ಗೆ 2012ರಲ್ಲಿ 51 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗರ್ಭಿಣಿಯಾಗಿದ್ದಾಗ 100ರಲ್ಲಿ ಸುಮಾರು 76 ಹೆಂಗಸರು ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದರು. ಹೆರಿಗೆ ಆದಮೇಲೆ ಅದು 53ಕ್ಕೆ ಇಳಿದಿತ್ತು. ಇದಕ್ಕೆ ಕಾರಣವಾದ ತೊಡಕುಗಳಲ್ಲಿ ಖಿನ್ನತೆಯೂ ಒಂದು. ಎದೆಹಾಲು ಕುಡಿಸುವ ತಿಂಗಳುಗಳೂ ಅವೇ ಎಂಬುದನ್ನು ಮರೆಯಬಾರದು.

ಹಾಗಾಗಿ ಖಿನ್ನತೆ ಮಾತ್ರೆಗೂ ಏನೂ ಮಾಡದಿರುವುದಕ್ಕೂ ಹೋಲಿಸುವಾಗ, ಏನೂ ಮಾಡದಿರುವುದರ ಅಪಾಯವನ್ನು ಸೊನ್ನೆ ಎಂದು ಹಿಡಿಯಬೇಡಿ.

ಇದು ಖಿನ್ನತೆಯೇನಾ? ಮೊದಲು ಅದನ್ನು ನೋಡಿ

ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ಚಿಕ್ಕದಕ್ಕೂ ಸಿಡುಕುವುದು ಬಹಳ ಜನರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದಕ್ಕೆ ಔಷಧಿ ಬೇಡ, ನಿದ್ದೆ ಮತ್ತು ಜೊತೆಗೊಬ್ಬರು ಬೇಕು. ಎರಡು ವಾರ ದಾಟಿದರೂ ಬೇಜಾರು ಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ತಾನು ಕೆಟ್ಟ ತಾಯಿ ಎಂಬ ಯೋಚನೆ ಬಿಡದೆ ಕಾಡುತ್ತಿದ್ದರೆ ಅದು ಖಿನ್ನತೆ ಇರಬಹುದು. ಗರ್ಭಿಣಿಯಾಗಿದ್ದಾಗಲೇ ಶುರುವಾಗುವುದೂ ಉಂಟು. ಎಚ್‌ಐವಿ ಇದೆ ಎಂದು ಮೊದಲ ಸಲ ಗೊತ್ತಾಗುವುದೇ ಬಸುರಿನ ರಕ್ತ ಪರೀಕ್ಷೆಯಲ್ಲಾದರೆ ಆ ಕೆಲವು ವಾರಗಳು ತುಂಬಾ ಕಷ್ಟದವು.

ಆಸ್ಪತ್ರೆಗಳಲ್ಲಿ ಎರಡು ಪ್ರಶ್ನಾವಳಿ ಬಳಕೆಯಲ್ಲಿವೆ. ಪಿಎಚ್‌ಕ್ಯೂ-9 ಎಂಬುದರಲ್ಲಿ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ. ಎಡಿನ್‌ಬರೋ ಮಾಪನದಲ್ಲಿ ಕಳೆದ 7 ದಿನದ ಬಗ್ಗೆ 10 ಪ್ರಶ್ನೆ, ಒಟ್ಟು 30 ಅಂಕ. ಎರಡರಲ್ಲಿ ಒಂದನ್ನು ಆರಿಸುವುದಾದರೆ ಗರ್ಭಿಣಿ, ಬಾಣಂತಿಯರಿಗೆ ಎಡಿನ್‌ಬರೋ ಮಾಪನವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪಿಎಚ್‌ಕ್ಯೂ-9 ಸುಸ್ತು, ಹಸಿವು, ನಿದ್ದೆಯ ಬಗ್ಗೆ ಕೇಳುತ್ತದೆ. ತುಂಬು ಗರ್ಭಿಣಿಗೆ ಸುಸ್ತು ಇಲ್ಲದೆ ಇರುತ್ತದಾ? ಎಡಿನ್‌ಬರೋ ಮಾಪನ ಹೆಚ್ಚಾಗಿ ಮನಸ್ಸಿನ ಬಗ್ಗೆಯೇ ಕೇಳುತ್ತದೆ. ಅದನ್ನು ಕನ್ನಡಕ್ಕೆ ತಂದು ಕರ್ನಾಟಕದ ಹಳ್ಳಿಗಳಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. 13 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ವೈದ್ಯರು ಕೂತು ಸರಿಯಾಗಿ ವಿಚಾರಿಸಬೇಕು. ಎರಡರಲ್ಲೂ ಕೊನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ "ಹೌದು" ಎಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ವೈದ್ಯರನ್ನು ಕಾಣಬೇಕು.

ಜೊತೆಗೆ ಎರಡು ರಕ್ತ ಪರೀಕ್ಷೆ ಕೇಳಿ: ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ರಕ್ತ ಕಡಿಮೆ ಇದ್ದರೂ ಥೈರಾಯ್ಡ್ ಇಳಿದಿದ್ದರೂ ಖಿನ್ನತೆಯ ಹಾಗೇ ಕಾಣುತ್ತದೆ. ಅವಕ್ಕೆ ಚಿಕಿತ್ಸೆ ಬೇರೆ. ಇನ್ನೊಂದನ್ನು ಯಾರೂ ಕೇಳುವುದಿಲ್ಲ: ಮನೆಯಲ್ಲಿ ಹೊಡೆತ ಬಡಿತ ಇದೆಯಾ? ಇದ್ದರೆ ಮಾತ್ರೆಯಷ್ಟೇ ಕೊಟ್ಟು ಕಳಿಸುವುದರಲ್ಲಿ ಅರ್ಥವಿಲ್ಲ. ಮಹಿಳಾ ಸಹಾಯವಾಣಿ 181 ಅದಕ್ಕೇ ಇರುವುದು.

ನುಂಗುತ್ತಿರುವ ಎಆರ್‌ಟಿಯಿಂದಲೇ ಆಗುತ್ತಿದೆಯಾ?

ಹೊಸ ಚಿಕಿತ್ಸೆ ಶುರು ಮಾಡುವ ಮೊದಲು ಹಳೆಯ ಮಾತ್ರೆಯ ಡಬ್ಬಿ ನೋಡಬೇಕು. ಈಗ ನಮ್ಮ ಸರ್ಕಾರಿ ಸೆಂಟರ್‌ಗಳಲ್ಲಿ ಹೆಚ್ಚಿನವರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಟಿಎಲ್‌ಡಿ ಎನ್ನುತ್ತಾರೆ. ಮೊದಲು ಡೊಲುಟೆಗ್ರಾವಿರ್ ಜಾಗದಲ್ಲಿ ಎಫಾವಿರೆಂಜ್ ಇತ್ತು.

ಎಫಾವಿರೆಂಜ್‌ಗೆ ಮನಸ್ಸನ್ನು ಕಲಕುವ ಗುಣವಿದೆ. ಕೆಟ್ಟ ಕನಸು, ತಲೆ ಸುತ್ತು, ಖಿನ್ನತೆ, ಕೆಲವರಿಗೆ ಸಾಯುವ ಯೋಚನೆ ಕೂಡ. ಇನ್ನೂ ಅದನ್ನೇ ನುಂಗುತ್ತಿರುವವರಿಗೆ ಖಿನ್ನತೆ ಬಂದಿದ್ದರೆ ಮೊದಲ ಆಯ್ಕೆ "ಇದನ್ನು ಬದಲಾಯಿಸಲು ಆಗುತ್ತದಾ" ಎಂದು ಕೇಳುವುದು. ಡೊಲುಟೆಗ್ರಾವಿರ್ ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ರಾತ್ರಿ ನುಂಗುತ್ತಿದ್ದರೆ ಬೆಳಗ್ಗೆಗೆ ಬದಲಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸೆಂಟರ್‌ನಲ್ಲಿ ಒಂದು ಮಾತು ಹೇಳಿ ಬದಲಿಸಿಕೊಳ್ಳಿ. ನೀವಾಗಿಯೇ ನಿಲ್ಲಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಗರ್ಭಿಣಿಯರಿಗೆ ಇಲ್ಲಿ ಒಂದು ಮುಖ್ಯ ವಿಷಯ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಜೊತೆ ನುಂಗಿದರೆ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆಯನ್ನು ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದಮೇಲೆ ನುಂಗಬೇಕು. ಖಿನ್ನತೆಯಿಂದ ಊಟ ಬಿಟ್ಟವರು "ಊಟದ ಜೊತೆ" ಎಂದರೆ ಏನು ಮಾಡುತ್ತಾರೆ? ಎಲ್ಲವನ್ನೂ ಒಟ್ಟಿಗೆ ಬರೀ ಹೊಟ್ಟೆಗೆ ನುಂಗುತ್ತಾರೆ. ಹಾಗಾಗಿ ಊಟ ಸೇರುತ್ತಿಲ್ಲ ಎಂಬುದನ್ನು ಕೂಡ ಹೇಳಲೇಬೇಕು.

ಮಾತಿನ ಚಿಕಿತ್ಸೆ: ಎಲ್ಲ ಕೌನ್ಸೆಲಿಂಗ್ ಒಂದೇ ಅಲ್ಲ

ಖಿನ್ನತೆ ಸಣ್ಣ ಅಥವಾ ಮಧ್ಯಮ ಮಟ್ಟದ್ದಾದರೆ ಮೊದಲು ಮಾತಿನ ಚಿಕಿತ್ಸೆ. ಗರ್ಭಿಣಿ, ಬಾಣಂತಿಯರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಆದರೆ ಆ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಸಿಗುತ್ತವೆ. ವ್ಯತ್ಯಾಸ ಗೊತ್ತಿರಬೇಕು.

ಮೊದಲನೆಯದು, ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರ) ಅಥವಾ ಎಆರ್‌ಟಿ ಸೆಂಟರ್‌ನ ಆಪ್ತ ಸಮಾಲೋಚಕರ ಜೊತೆ ಮಾತು. ನಿಮ್ಮ ಎಲ್ಲ ವಿಷಯ ಅವರಿಗೆ ಮೊದಲೇ ಗೊತ್ತು, ಹೊಸದಾಗಿ ಯಾರಿಗೂ ಹೇಳಬೇಕಿಲ್ಲ. ಗಂಡನಿಗೆ ಹೇಗೆ ಹೇಳುವುದು, ಮಾತ್ರೆ ತಪ್ಪದ ಹಾಗೆ ಏನು ಮಾಡುವುದು, ಮಗುವಿನ ಪರೀಕ್ಷೆ ಯಾವಾಗ ಎಂಬುದಕ್ಕೆಲ್ಲ ಇವರೇ ಸರಿ. ಆದರೆ ಸಾಲಿನಲ್ಲಿ ಜನ ಕಾಯುತ್ತಿರುತ್ತಾರೆ. ಸಿಗುವ ಸಮಯ ಕಡಿಮೆ. ಧೈರ್ಯ ಹೇಳಿ ಕಳಿಸುವುದನ್ನೇ ಖಿನ್ನತೆಯ ಚಿಕಿತ್ಸೆ ಎಂದುಕೊಂಡು ತಿಂಗಳುಗಟ್ಟಲೆ ಕಾಯಬೇಡಿ.

ಎರಡನೆಯದು, ಇದೇ ದಾರಿ ದಾಟಿ ಬಂದ ಇನ್ನೊಬ್ಬ ತಾಯಿಯ ಜೊತೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2001ರಲ್ಲಿ ಶುರುವಾದ 'ಮದರ್ಸ್ ಟು ಮದರ್ಸ್' ಇದನ್ನೇ ಮಾಡುತ್ತದೆ. ಎಚ್‌ಐವಿ ಇರುವ ತಾಯಂದಿರಿಗೇ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಹೊಸ ಗರ್ಭಿಣಿಯರ ಜೊತೆ ನಿಲ್ಲಿಸುತ್ತದೆ. ನಮ್ಮಲ್ಲೂ ಜಿಲ್ಲೆಗಳಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಘಗಳಿವೆ. "ನನ್ನ ಮಗಳಿಗೆ ಈಗ ಐದು ವರ್ಷ, ನೆಗೆಟಿವ್" ಎಂದು ಎದುರಿಗೆ ಕೂತ ಒಬ್ಬಾಕೆ ಹೇಳಿದರೆ ಬರುವ ಬಲ ವೈದ್ಯರ ಮಾತಿನಿಂದ ಬರುವುದಿಲ್ಲ. ತೊಡಕೆಂದರೆ, ಸಂಘಕ್ಕೆ ಹೋಗುವುದನ್ನು ಯಾರಾದರೂ ನೋಡಿದರೆ ಎಂಬ ಭಯ. ಅದು ಇರುವವರು ಸ್ವಂತ ತಾಲೂಕು ಬಿಟ್ಟು ಬೇರೆ ಕಡೆಯ ಗುಂಪನ್ನು ಕೇಳಬಹುದು, ಫೋನಿನಲ್ಲಿ ಒಬ್ಬರ ಜೊತೆ ಮಾತ್ರ ಮಾತಾಡಬಹುದು.

ಮೂರನೆಯದೇ ನಿಜವಾದ ಚಿಕಿತ್ಸೆ. ಇದಕ್ಕೆ ಶುರು ಇದೆ, ಕ್ರಮ ಇದೆ, ಕೊನೆ ಇದೆ. ಇಷ್ಟು ಸಲ ಎಂಬ ಲೆಕ್ಕ ಇದೆ. ಇದನ್ನು ಮಾಡಲು ಮನೋವೈದ್ಯರೇ ಬೇಕೆಂದಿಲ್ಲ ಎಂಬುದು ಕಳೆದ ಇಪ್ಪತ್ತು ವರ್ಷಗಳಲ್ಲಿ ಚೆನ್ನಾಗಿ ಗೊತ್ತಾಗಿದೆ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಆರು ಸಲದ ಮಾತುಕತೆ. ಈ ಪದ್ಧತಿಗೆ ಸಮಸ್ಯೆ ಬಿಡಿಸುವ ಚಿಕಿತ್ಸೆ ಎನ್ನುತ್ತಾರೆ. ಇರುವ ಕಷ್ಟಗಳನ್ನೆಲ್ಲ ಹೇಳಿಕೊಳ್ಳುವುದು, ಒಂದನ್ನು ಆರಿಸುವುದು, ಅದಕ್ಕೆ ಏನೇನು ಮಾಡಬಹುದು ಎಂದು ಇಬ್ಬರೂ ಸೇರಿ ಯೋಚಿಸುವುದು, ವಾರದಲ್ಲಿ ಒಂದನ್ನು ಮಾಡಿ ನೋಡಿ ಬಂದು ಹೇಳುವುದು. 2016ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 573 ಜನರಿದ್ದರು. ಅವರಲ್ಲಿ ಐದರಲ್ಲಿ ಎರಡು ಪಾಲು ಎಚ್‌ಐವಿ ಇರುವವರು. ಅಜ್ಜಿಯರ ಜೊತೆ ಕೂತವರ ಖಿನ್ನತೆ ಮಾಮೂಲಿ ಚಿಕಿತ್ಸೆಯವರಿಗಿಂತ ತುಂಬಾ ಕಡಿಮೆಯಾಗಿತ್ತು.

ಉಗಾಂಡದ ಉತ್ತರ ಭಾಗದಲ್ಲಿ ಎಟೆಲ್‌ಡ್ರೆಡಾ ನಕಿಮುಲಿ-ಎಂಪುಂಗು ಅವರ ತಂಡ ಮಾತಿನ ಚಿಕಿತ್ಸೆಯನ್ನು ಗುಂಪಿನಲ್ಲಿ ಮಾಡಿತು. ಎಚ್‌ಐವಿ ಇರುವವರಿಗೇ ಎಂದು ರೂಪಿಸಿದ್ದು, ಎಂಟು ಸಲ. ಮನಸ್ಸಿನ ಮಾತಿನ ಜೊತೆ ಸಣ್ಣ ದುಡಿಮೆ ಮಾಡಿ ಕಾಸು ಗಳಿಸುವ ದಾರಿಯನ್ನೂ ಕಲಿಸಿದರು. ಅದು ನನಗೆ ಬಹಳ ಮುಖ್ಯ ಅನಿಸುತ್ತದೆ. ಕೈಯಲ್ಲಿ ಬಸ್ ಚಾರ್ಜಿಗೂ ಕಾಸಿಲ್ಲದ ಬೇಜಾರನ್ನು ಬರೀ ಮಾತಿನಿಂದ ಕರಗಿಸಲು ಆಗುವುದಿಲ್ಲ.

ನಮಗೆ ಹತ್ತಿರದ ಮಾದರಿ ಪಾಕಿಸ್ತಾನದ ರಾವಲ್ಪಿಂಡಿಯದು. ಅಲ್ಲಿ ಆಶಾ ಕಾರ್ಯಕರ್ತೆಯರಂತೆ ಮನೆ ಮನೆಗೆ ಹೋಗುವ ಹೆಂಗಸರಿಗೆ 'ಥಿಂಕಿಂಗ್ ಹೆಲ್ದಿ' ಎಂಬ ಪದ್ಧತಿ ಕಲಿಸಿದರು. ಬಸುರಿನ ಕೊನೆಯ ತಿಂಗಳಿಂದ ಶುರುವಾಗಿ ಒಟ್ಟು 16 ಸಲ ಮನೆಗೇ ಭೇಟಿ. 2008ರಲ್ಲಿ ಫಲಿತಾಂಶ ಬಂತು. ಮಗುವಿಗೆ ಆರು ತಿಂಗಳಾದಾಗ ಈ ಚಿಕಿತ್ಸೆ ಸಿಕ್ಕ ತಾಯಂದಿರಲ್ಲಿ ಶೇ. 23 ಜನರಿಗೆ ಮಾತ್ರ ಖಿನ್ನತೆ ಉಳಿದಿತ್ತು. ಬರೀ ಭೇಟಿ ಸಿಕ್ಕವರಲ್ಲಿ ಅದು ಶೇ. 53. ಆಮೇಲೆ ಇದನ್ನೇ ಗೋವಾದಲ್ಲಿ 'ಸಂಗಾತ್' ಸಂಸ್ಥೆ ಊರಿನ ಸಾಮಾನ್ಯ ಹೆಂಗಸರನ್ನೇ ಸಖಿಯರನ್ನಾಗಿ ಮಾಡಿ ನಡೆಸಿತು. ಅಲ್ಲಿ ಸಿಕ್ಕ ಲಾಭ ಇಷ್ಟು ದೊಡ್ಡದಲ್ಲ, ಆದರೆ ಇತ್ತು. ಇವೆರಡೂ ಎಚ್‌ಐವಿ ಇರುವವರಿಗೆಂದೇ ಮಾಡಿದ್ದಲ್ಲ. ಆದರೂ ಇಲ್ಲಿ ಹೇಳಲು ಒಂದು ಕಾರಣವಿದೆ. ರಾವಲ್ಪಿಂಡಿಯಲ್ಲಿ ಮನೆಯವರ ಮುಂದೆ ಖಿನ್ನತೆಯ ಮಾತನ್ನೇ ಮುಂದಿಡಲಿಲ್ಲ. ಮಗು ಚೆನ್ನಾಗಿ ಬೆಳೆಯಲಿ ಎಂಬುದನ್ನು ಮುಂದಿಟ್ಟರು. ಅತ್ತೆ ಬೇಡ ಎನ್ನಲಿಲ್ಲ. ಮನೆಯಲ್ಲಿ ಎಚ್‌ಐವಿ ವಿಷಯ ಹೇಳದಿರುವ ನಮ್ಮ ಹೆಣ್ಣುಮಕ್ಕಳಿಗೂ ಈ ದಾರಿ ಒಪ್ಪುತ್ತದೆ.

ಮಾತಿನ ಚಿಕಿತ್ಸೆಯ ಒಳ್ಳೆಯ ಗುಣವೆಂದರೆ ಎಆರ್‌ಟಿಗೆ ಅಡ್ಡ ಬರುವುದಿಲ್ಲ, ಎದೆಹಾಲಿಗೆ ಹೋಗುವುದಿಲ್ಲ. ಕೆಟ್ಟದ್ದೆಂದರೆ ಸಮಯ ಹಿಡಿಯುತ್ತದೆ, ಎಲ್ಲ ತಾಲೂಕಿನಲ್ಲೂ ಸಿಗುವುದಿಲ್ಲ. ಎದ್ದು ಕೂರಲೂ ಆಗದಷ್ಟು ಕುಗ್ಗಿದವರಿಗೆ ಅದೊಂದೇ ಸಾಲುವುದಿಲ್ಲ. ನಾಲ್ಕರಿಂದ ಆರು ವಾರದಲ್ಲಿ ಸ್ವಲ್ಪವೂ ಹಗುರಾಗದಿದ್ದರೆ ಮುಂದಿನ ಹೆಜ್ಜೆ ಇಡಬೇಕು.

ಮಾತ್ರೆಗಳು: ಯಾವುದು ಯಾವುದರ ಜೊತೆ

ಖಿನ್ನತೆ ತೀವ್ರವಾಗಿದ್ದರೆ, ಹಿಂದೆ ಖಿನ್ನತೆ ಬಂದು ಮಾತ್ರೆಯಿಂದ ಗುಣವಾಗಿದ್ದರೆ, ಮಾತಿನ ಚಿಕಿತ್ಸೆ ಸಾಲದೆ ಹೋದರೆ ಮಾತ್ರೆ ಬೇಕು. ತೀವ್ರವಾದಾಗ ಎರಡೂ ಸೇರಿದರೆ ಒಂದೊಂದಕ್ಕಿಂತ ಒಳ್ಳೆಯದು.

ಟಿಎಲ್‌ಡಿ ನುಂಗುತ್ತಿರುವ ಗರ್ಭಿಣಿ, ಬಾಣಂತಿಗೆ ಹೆಚ್ಚಿನ ವೈದ್ಯರು ಮೊದಲು ಯೋಚಿಸುವುದು ಸೆರ್ಟ್ರಾಲಿನ್. ಗರ್ಭಿಣಿಯರಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ಎದೆಹಾಲಿಗೆ ಹೋಗುವುದು ತುಂಬಾ ಕಡಿಮೆ. ಡೊಲುಟೆಗ್ರಾವಿರ್ ಜೊತೆ ಜಗಳವಿಲ್ಲ. ನನ್ನ ದೃಷ್ಟಿಯಲ್ಲಿ ಹೋಲಿಕೆಯಲ್ಲಿ ಗೆಲ್ಲುವುದು ಇದೇ. ಎಸಿಟಲೋಪ್ರಾಮ್ ಎರಡನೆಯದು, ಅದೂ ಟಿಎಲ್‌ಡಿ ಜೊತೆ ಹೊಂದುತ್ತದೆ. ಫ್ಲೂಆಕ್ಸೆಟಿನ್ ಹಳೆಯದು, ಅಗ್ಗದ್ದು, ಆದರೆ ಮೈಯಲ್ಲಿ ಬಹಳ ದಿನ ಉಳಿಯುತ್ತದೆ, ಹಾಲಿಗೂ ಜಾಸ್ತಿ ಹೋಗುತ್ತದೆ. ಮೊದಲಿಂದ ಅದರಲ್ಲೇ ಚೆನ್ನಾಗಿರುವವರು ಗಾಬರಿಯಾಗಿ ಬದಲಿಸಬೇಕಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಬೇರೆಯದು ವಾಸಿ. ಪ್ಯಾರಾಕ್ಸೆಟಿನ್ ಅನ್ನು ಬಸುರಿನ ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ದೂರ ಇಡುತ್ತಾರೆ.

ಅಮಿಟ್ರಿಪ್ಟಿಲಿನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುತ್ತದೆ. ನಿದ್ದೆ ಬರಿಸುತ್ತದೆ ಎಂದು ಕೊಡುವುದೂ ಉಂಟು. ಬಾಯಿ ಒಣಗುವುದು, ಮಲಬದ್ಧತೆ, ಎದ್ದಾಗ ತಲೆ ಸುತ್ತುವುದು ಇದರ ತೊಂದರೆಗಳು. ಗರ್ಭಿಣಿಗೆ ಇವು ಮೊದಲೇ ಇರುತ್ತವೆ. ಸಾಯುವ ಯೋಚನೆ ಇರುವವರ ಕೈಗೆ ಇದನ್ನು ಕೊಡುವುದು ಸುರಕ್ಷಿತವಲ್ಲ.

ಮೊದಲ ಮಾತ್ರೆ ಕೆಲಸ ಮಾಡದೆ ಎರಡನೇ ಅಥವಾ ಮೂರನೇ ಹಂತದ ಎಆರ್‌ಟಿಗೆ ಬದಲಾದವರ ಕಥೆ ಬೇರೆ. ಅದರಲ್ಲಿ ರಿಟೊನಾವಿರ್ ಸೇರಿರಬಹುದು. ಅದು ಯಕೃತ್ತಿನ ಕೆಲಸಕ್ಕೆ ಕೈ ಹಾಕುತ್ತದೆ. ಅಮಿಟ್ರಿಪ್ಟಿಲಿನ್‌ನ ಅಂಶ ರಕ್ತದಲ್ಲಿ ಏರುತ್ತದೆ. ದರುನಾವಿರ್-ರಿಟೊನಾವಿರ್ ಜೊತೆ ಸೆರ್ಟ್ರಾಲಿನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಫಾವಿರೆಂಜ್ ಕೂಡ ಸೆರ್ಟ್ರಾಲಿನ್ ಅನ್ನು ತಗ್ಗಿಸುತ್ತದೆ. ಹಾಗೆಂದು ಕೊಡಬಾರದು ಎಂದಲ್ಲ, ಪ್ರಮಾಣವನ್ನು ನೋಡಿಕೊಂಡು ಹೊಂದಿಸಬೇಕು. ಅದಕ್ಕೇ ಮನೋವೈದ್ಯರಿಗೆ ಎಆರ್‌ಟಿ ಮಾತ್ರೆಯ ಹೆಸರು ಹೇಳಲೇಬೇಕು. ಬಾಯಲ್ಲಿ ಹೇಳಲು ಆಗದಿದ್ದರೆ ಎಆರ್‌ಟಿ ಪುಸ್ತಕವನ್ನು ಮುಂದಿಟ್ಟರೆ ಸಾಕು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಅವರು ಅದನ್ನು ಸಾಮಾನ್ಯವಾಗಿ ಬೇರೆಯವರಿಗೆ ಹೇಳುವಂತಿಲ್ಲ.

ಮುಟ್ಟಬಾರದ ಕೆಲವಿವೆ. ಇಂಟರ್‌ನೆಟ್‌ನಲ್ಲಿ 'ನೈಸರ್ಗಿಕ' ಎಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಎಆರ್‌ಟಿಯ ಬಲವನ್ನೇ ಕುಂದಿಸುತ್ತದೆ. ಫಿಟ್ಸ್‌ಗೆ, ಮನಸ್ಸಿನ ಏರಿಳಿತಕ್ಕೆ ಕೊಡುವ ಎರಡು ಮಾತ್ರೆಗಳಲ್ಲಿ ವ್ಯಾಲ್‌ಪ್ರೊಯೇಟ್ ಗರ್ಭಿಣಿಗೆ ಬೇಡ, ಮಗುವಿಗೆ ಹಾನಿ. ಕಾರ್ಬಮಜೆಪಿನ್ ಡೊಲುಟೆಗ್ರಾವಿರ್ ಅನ್ನು ತಗ್ಗಿಸುತ್ತದೆ. ನಿದ್ದೆಗೆಂದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತರುವ ಅಲ್ಪ್ರಜೊಲಾಮ್ ಖಿನ್ನತೆಯನ್ನು ಗುಣ ಮಾಡುವುದಿಲ್ಲ, ಚಟ ಹಿಡಿಸುತ್ತದೆ, ಹಾಲು ಕುಡಿಯುವ ಮಗುವಿಗೂ ಮಂಪರು ಬರಿಸಬಹುದು.

ಈಗ ಮೊದಲ ಪ್ರಶ್ನೆಗೆ ಬರೋಣ. ಮಗುವಿಗೆ ಏನಾಗಬಹುದು? ಬಸುರಿನ ಕೊನೆಯವರೆಗೂ ಸೆರ್ಟ್ರಾಲಿನ್‌ನಂಥ ಮಾತ್ರೆ ತೆಗೆದುಕೊಂಡರೆ ಕೆಲವು ಮಕ್ಕಳು ಹುಟ್ಟಿದ ಮೊದಲ ಕೆಲವು ದಿನ ಜಾಸ್ತಿ ಅಳಬಹುದು, ನಡುಗಬಹುದು, ಹಾಲು ಹಿಡಿಯಲು ತಡ ಮಾಡಬಹುದು. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಶ್ವಾಸಕೋಶದ ರಕ್ತದೊತ್ತಡದ ಒಂದು ತೊಂದರೆ ಸ್ವಲ್ಪ ಜಾಸ್ತಿಯಾಗುತ್ತದೆ. ಅದು ಮಾತ್ರೆ ಇಲ್ಲದೆಯೂ 1000ದಲ್ಲಿ ಸುಮಾರು ಇಬ್ಬರಿಗೆ ಬರುವಂಥದ್ದು, ಮಾತ್ರೆಯಿಂದ ಸುಮಾರು ಮೂವರಿಗೆ ಏರುತ್ತದೆ. ಈ ಅಂಕಿಗಳನ್ನು ಮೇಲೆ ಹೇಳಿದ ಶೇ. 15ರಿಂದ 45ರ ಜೊತೆ ಇಟ್ಟು ನೋಡಿ. ಹೆರಿಗೆ ಮಾಡಿಸುವವರಿಗೆ ಮಾತ್ರೆಯ ವಿಷಯ ಮೊದಲೇ ಹೇಳಿದ್ದರೆ ಮಗುವನ್ನು ಒಂದೆರಡು ದಿನ ಗಮನಿಸುತ್ತಾರೆ.

ಮಾತ್ರೆ ಶುರು ಮಾಡಿದ ಮೊದಲ ವಾರ ಹೊಟ್ಟೆ ತೊಳೆಸಬಹುದು, ತಲೆ ನೋಯಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಬಿಟ್ಟುಬಿಡುವವರು ಹೆಚ್ಚಾಗಿ ಈ ನಡುವಿನ ದಿನಗಳಲ್ಲೇ ಬಿಡುತ್ತಾರೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡದಷ್ಟು ಹುರುಪು, ವಿಪರೀತ ಮಾತು, ಕೈಗೆ ಬಂದಂತೆ ಖರ್ಚು ಮಾಡಿದ ದಿನಗಳು ಇದ್ದಿದ್ದರೆ ಮೊದಲೇ ಹೇಳಿ. ಅಂಥವರಿಗೆ ಬರೀ ಖಿನ್ನತೆ ಮಾತ್ರೆ ಕೊಟ್ಟರೆ ಉಲ್ಟಾ ಹೊಡೆಯಬಹುದು.

ಬಾಣಂತನ ಎಲ್ಲಿ?

ಬೇರೆ ದೇಶಗಳ ಮಾರ್ಗದರ್ಶಿಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ನಮ್ಮಲ್ಲಿ ಚಿಕಿತ್ಸೆಯನ್ನು ಆರಿಸುವಾಗ ಖಿನ್ನತೆ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದದ್ದು, ಮುಂದಿನ ಮೂರು ತಿಂಗಳು ನೀವು ಎಲ್ಲಿರುತ್ತೀರಿ ಎಂಬುದು.

ಏಳನೇ ತಿಂಗಳಿಗೋ ಒಂಬತ್ತಕ್ಕೋ ತವರಿಗೆ ಹೋಗುತ್ತಾರೆ. ಗಂಡನ ಮನೆಯಲ್ಲಿ ಗೊತ್ತಿರುವ ವಿಷಯ ತವರಿನಲ್ಲಿ ಗೊತ್ತಿರುವುದಿಲ್ಲ, ಅಥವಾ ಉಲ್ಟಾ. ಎಆರ್‌ಟಿ ಡಬ್ಬಿಯನ್ನೇ ಬಚ್ಚಿಡಲು ಜಾಗವಿಲ್ಲ, ಇನ್ನು ಎರಡನೇ ಮಾತ್ರೆ ಎಲ್ಲಿಡುವುದು? ಬಾಣಂತಿ ಕೋಣೆಯಿಂದ ಹೊರಗೆ ಬರುವ ಹಾಗಿಲ್ಲ. ಹಾಲು ಬರುತ್ತದೆಂದು, ವಾಯು ಆಗದಿರಲೆಂದು ಕಷಾಯ, ಲೇಹ್ಯ. ಬಂದು ಹೋಗುವ ನೆಂಟರು. ಎಚ್‌ಐವಿ ದಾಟದಿರಲೆಂದು ಮಗುವಿಗೆ ದಿನಾ ಹಾಕುವ ನೆವಿರಪಿನ್ ಸಿರಪ್ ಏನೆಂದು ಕೇಳುವವರು ಬೇರೆ. ಇಂಥ ಮನೆಯಲ್ಲಿ ವಾರಕ್ಕೊಮ್ಮೆ ಊರಿಂದ ಹೊರಗೆ ಹೋಗಿ ಮಾತಿನ ಚಿಕಿತ್ಸೆ ಮುಂದುವರಿಸುವುದು ಆಗದ ಮಾತು. ಅವರಿಗೆ ಫೋನಿನ ಮಾತುಕತೆ ಮತ್ತು ದಿನಕ್ಕೊಂದೇ ಸಲ ನುಂಗುವ ಮಾತ್ರೆ ಹೊಂದುತ್ತದೆ. ಸೆರ್ಟ್ರಾಲಿನ್ ಅನ್ನೂ ಟಿಎಲ್‌ಡಿಯನ್ನೂ ಬೆಳಗ್ಗೆ ತಿಂಡಿಯ ಜೊತೆ ಒಟ್ಟಿಗೇ ನುಂಗಬಹುದು. ಬಚ್ಚಿಡುವ ಗೋಳೂ ಒಂದೇ ಆಗುತ್ತದೆ.

ತವರಿನಲ್ಲಿ ಅಮ್ಮನಿಗೆ ಮಾತ್ರ ಗೊತ್ತಿದ್ದು ಅವರು ಜೊತೆಗಿದ್ದರೆ ಕಥೆಯೇ ಬೇರೆ. ಬಾಣಂತನವೇ ದೊಡ್ಡ ಆಸರೆ. ರಾತ್ರಿ ಮಗುವನ್ನು ಅವರು ಎತ್ತಿಕೊಂಡರೆ ನಿಮಗೆ ನಾಲ್ಕು ಗಂಟೆ ಒಟ್ಟಿಗೆ ನಿದ್ದೆ. ಖಿನ್ನತೆ ಕಡಿಮೆಯಾಗಲು ನಿದ್ದೆಯಷ್ಟು ಸಹಾಯ ಮಾಡುವುದು ಕಡಿಮೆ. ಹಾಗಾಗಿ ಯಾರಿಗಾದರೂ ಒಬ್ಬರಿಗೆ ಹೇಳುವುದಾದರೆ ಯಾರಿಗೆ ಎಂಬುದನ್ನು ಸಮಾಲೋಚಕರ ಜೊತೆ ಕೂತು, ಹೆರಿಗೆಗೆ ಮೊದಲೇ ಯೋಚಿಸಿ.

ಹೊರಡುವ ಮೊದಲು ಸೆಂಟರ್‌ನಲ್ಲಿ ತವರಿನ ಊರು ಹೇಳಿ. ಹತ್ತಿರದ ಸೆಂಟರ್‌ನಲ್ಲಿ ಮಾತ್ರೆ ಸಿಗುವಂತೆ ಮಾಡಬಹುದು, ಅಥವಾ ಹೆಚ್ಚು ತಿಂಗಳಿಗೆ ಒಟ್ಟಿಗೆ ಕೊಡಬಹುದಾ ಎಂದು ನೋಡುತ್ತಾರೆ. ಖಿನ್ನತೆ ಮಾತ್ರೆಯ ಚೀಟಿಯನ್ನೂ ಅಷ್ಟು ದಿನಕ್ಕೆ ಬರೆಸಿಕೊಳ್ಳಿ. ಸಾಯುವ ಯೋಚನೆ ಬಂದುಹೋಗಿದ್ದವರು ಮಾತ್ರ ಸ್ವಲ್ಪ ಸ್ವಲ್ಪವೇ ಇಟ್ಟುಕೊಂಡು, ಬೇರೆಯವರ ಕೈಲಿ ಕೊಟ್ಟಿರುವುದು ಒಳ್ಳೆಯದು.

ಯಾವ ಬಾಗಿಲು ತಟ್ಟುವುದು?

ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿರುವ ಎಆರ್‌ಟಿ ಸೆಂಟರ್‌ಗೆ ಹೋಗುವವರಿಗೆ ಅದೇ ಆವರಣದಲ್ಲಿ ಮನೋವೈದ್ಯ ವಿಭಾಗ ಸಿಗುತ್ತದೆ. ಒಂದೇ ದಿನ, ಒಂದೇ ಬಸ್ ಚಾರ್ಜು. ಇದೇ ಎಲ್ಲಕ್ಕಿಂತ ಒಳ್ಳೆಯದು. ದೂರ ಎನ್ನುವವರಿಗೆ ತಾಲೂಕು ಆಸ್ಪತ್ರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಅಲ್ಲಿಗೆ ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಹೋಗುವ ಮೊದಲು ಫೋನು ಮಾಡಿ ದಿನ ಕೇಳಿಕೊಳ್ಳಿ. ಊರಿನ ಆರೋಗ್ಯ ಕೇಂದ್ರ ಹತ್ತಿರ ನಿಜ, ಆದರೆ ಅಲ್ಲಿರುವವರು ಊರಿನವರೇ. ಗುಟ್ಟು ಉಳಿಯಬೇಕು ಎನ್ನುವವರಿಗೆ ಅದು ಹೊಂದದಿರಬಹುದು. ಖಾಸಗಿ ಮನೋವೈದ್ಯರ ಹತ್ತಿರ ಸಮಯ ಜಾಸ್ತಿ ಸಿಗುತ್ತದೆ, ದುಡ್ಡೂ ಜಾಸ್ತಿ. ಅಲ್ಲಿ ಎಚ್‌ಐವಿ ವಿಷಯ ಮುಚ್ಚಿಡುವ ಆಸೆಯಾಗುತ್ತದೆ. ದಯವಿಟ್ಟು ಬೇಡ.

ಹೊರಗೆ ಹೋಗಲಾಗದ ಬಾಣಂತಿಗೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನಂಬರು 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಎಚ್‌ಐವಿ ಬಗ್ಗೆ ಕೇಳಲು 1097.

ಕಾಯಬಾರದ ಹೊತ್ತು

ಸಾಯುವ ಯೋಚನೆ ಬಂದು ಹೇಗೆ ಎಂದೂ ಯೋಚಿಸುತ್ತಿದ್ದರೆ, ಮಗುವಿಗೆ ಹಾನಿ ಮಾಡುವ ಯೋಚನೆ ಬಂದರೆ, ಯಾರೂ ಇಲ್ಲದಾಗ ದನಿ ಕೇಳಿಸಿದರೆ, ರಾತ್ರಿಯಿಡೀ ಎದ್ದು ಅಡ್ಡಾಡುತ್ತಾ ಅರ್ಥವಿಲ್ಲದ ಮಾತಾಡುತ್ತಿದ್ದರೆ ಅವತ್ತೇ ಆಸ್ಪತ್ರೆ. ಒಬ್ಬರನ್ನೇ ಬಿಡಬೇಡಿ. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇಂಥದ್ದನ್ನೇ. 1000 ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ದೇವರು ದೆವ್ವ ಎಂದು ದಿನ ಕಳೆಯಬಾರದು. ಎಚ್‌ಐವಿ ಇರುವವರಲ್ಲಿ ಜ್ವರ, ತಲೆನೋವು, ಗೊಂದಲ ಒಟ್ಟಿಗೆ ಬಂದರೆ ಅದು ಮಿದುಳಿನ ಸೋಂಕೂ ಇರಬಹುದು, ಅದನ್ನೂ ಪರೀಕ್ಷಿಸಬೇಕು.

ಸೇರಿಸಿಕೊಂಡರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಒಳರೋಗಿಯಾಗಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯ ಇದ್ದಾಗ ಮಾತ್ರ, ಅದೂ ಸ್ವಲ್ಪ ಕಾಲಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡೇ ಇದೆ. ಊಟ ನೀರು ಬಿಟ್ಟು ಮಲಗಿದವರಿಗೆ ವಿದ್ಯುತ್ ಚಿಕಿತ್ಸೆ ಎಂದರೆ ಜನ ಹೆದರುತ್ತಾರೆ. ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ಗರ್ಭಿಣಿಗೂ ಕೊಡಬಹುದು, ಎಆರ್‌ಟಿಗೆ ಅಡ್ಡವಿಲ್ಲ.

ಯಾವಾಗ ನಿಲ್ಲಿಸುವುದು?

ಹಗುರಾಯಿತು ಎಂದ ದಿನವೇ ಮಾತ್ರೆ ನಿಲ್ಲಿಸಬೇಡಿ. ಪೂರ್ತಿ ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ, ನಿಧಾನಕ್ಕೆ ಇಳಿಸುತ್ತಾರೆ. ಇಳಿಸುವ ತಿಂಗಳನ್ನು ಆರಿಸುವಾಗ ಮಗುವಿನ ಎಚ್‌ಐವಿ ಪರೀಕ್ಷೆಯ ತಾರೀಖು ನೋಡಿಕೊಳ್ಳಿ. 6 ವಾರಕ್ಕೆ, 6 ತಿಂಗಳಿಗೆ, 12 ತಿಂಗಳಿಗೆ, ಕೊನೆಗೆ 18 ತಿಂಗಳಿಗೆ ಪರೀಕ್ಷೆ ಇರುತ್ತದೆ. ರಿಪೋರ್ಟ್‌ಗೆ ಕಾಯುವ ವಾರಗಳಲ್ಲಿ ಎಂಥವರ ಮನಸ್ಸೂ ಅಲ್ಲಾಡುತ್ತದೆ. ಆ ಹೊತ್ತಿಗೆ ಮಾತ್ರೆ ಇಳಿಸುವುದು ಬೇಡ. ಸಮಾಲೋಚಕರ ಭೇಟಿಯನ್ನು ಆ ವಾರಕ್ಕೇ ಇಟ್ಟುಕೊಳ್ಳಿ.

ಯಾವ ಮಾತ್ರೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ವಾರಕ್ಕೆ ಗುಣ ಕೊಟ್ಟಿತು ಎಂಬುದನ್ನು ಎಆರ್‌ಟಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆಸಿಟ್ಟುಕೊಳ್ಳಿ. ಇನ್ನೊಂದು ಮಗು ಬೇಕೆನಿಸಿದಾಗ, ಬಸಿರಾಗುವ ಮೊದಲೇ ಆ ಪುಟವನ್ನು ವೈದ್ಯರಿಗೆ ತೋರಿಸಿ. ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಬರುವ ಸಾಧ್ಯತೆ ಜಾಸ್ತಿ, ಹಿಂದೆ ಗುಣ ಕೊಟ್ಟ ಮಾತ್ರೆಯಿಂದಲೇ ಮತ್ತೆ ಶುರು ಮಾಡುತ್ತಾರೆ.